ಹಳೇ ಶೈಲಿಯ ಬೇಸ್ ಗಿಟಾರ್‌ಗಳನ್ನೂ ಪಿಕಪ್‌ಗಳನ್ನೂ ಹೋಲಿಸುವುದು ಹೇಗೆ?

ಹಳೇ ಶೈಲಿಯ ಬೇಸ್ ಕೊಳ್ಳಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ: ಪಿ-ಬೇಸ್ (ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್) ತಗೊಳ್ಳೋದಾ, ಜೆ-ಬೇಸ್ (ಅದೇ ಕಂಪನಿಯ ಜಾಝ್ ಬೇಸ್) ತಗೊಳ್ಳೋದಾ? ಎರಡನ್ನೂ ಕೈಗೆತ್ತಿಕೊಂಡು ಐದು ನಿಮಿಷ ನುಡಿಸಿ ತೀರ್ಮಾನ ಮಾಡುವವರೇ ಜಾಸ್ತಿ. ಒಂದಕ್ಕೆ ಹೊಸ ತಂತಿ ಇರುತ್ತದೆ, ಇನ್ನೊಂದರ ತಂತಿ ಸವೆದು ಮಂಕಾಗಿರುತ್ತದೆ. ಒಂದರ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ತಂತಿಗೆ ತಾಗುವಷ್ಟು ಮೇಲಿರುತ್ತದೆ, ಇನ್ನೊಂದರದ್ದು ಒಳಗೆ ಕೂತಿರುತ್ತದೆ. ಇಂಥ ಸ್ಥಿತಿಯಲ್ಲಿ ಪಿಕಪ್ ಒಳ್ಳೆಯದೋ ಕೆಟ್ಟದ್ದೋ ಹೇಳಲು ಯಾರಿಂದಲೂ ಆಗದು.

ಮೊದಲು ಪಿಕಪ್ ಗುರುತಿಸಿ

ಫೆಂಡರ್ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ಆಗ ಅದಕ್ಕಿದ್ದದ್ದು ಒಂದೇ ಸಿಂಗಲ್ ಕಾಯಿಲ್ ಪಿಕಪ್, ಅಂದರೆ ಒಂದೇ ಸುರುಳಿಯದ್ದು. ಸದ್ದು ನೇರ, ತೆರೆದ ಹಾಗೆ, ಜೊತೆಗೆ ವಿದ್ಯುತ್ತಿನ ಗುಂಯ್ ಸದ್ದೂ ಉಚಿತ. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ಇ ಮತ್ತು ಎ ತಂತಿಗೆ ಒಂದು ಸುರುಳಿ, ಡಿ ಮತ್ತು ಜಿ ತಂತಿಗೆ ಇನ್ನೊಂದು. ಎರಡು ಸುರುಳಿಗಳ ಸುತ್ತುವ ದಿಕ್ಕೂ ಅಯಸ್ಕಾಂತದ ದಿಕ್ಕೂ ತಿರುವುಮುರುವು. ಹಾಗಾಗಿ ಗುಂಯ್ ಸದ್ದು ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಹೊಡೆದುಹೋಗುತ್ತದೆ, ತಂತಿಯ ನಾದ ಮಾತ್ರ ಉಳಿಯುತ್ತದೆ. ಇವತ್ತು ಪಿ-ಬೇಸ್ ಅಂದರೆ ಎಲ್ಲರ ತಲೆಯಲ್ಲಿರುವುದು ಇದೇ.

1960ರಲ್ಲಿ ಬಂದ ಜಾಝ್ ಬೇಸ್‌ನಲ್ಲಿ ಎರಡು ಉದ್ದನೆಯ ಸಿಂಗಲ್ ಕಾಯಿಲ್ ಪಿಕಪ್, ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ನೆಕ್ ಕಿರಿದು, ಸುಮಾರು 38 ಮಿಲಿಮೀಟರ್. ಹಳೇ ಪ್ರಿಸಿಷನ್‌ನಲ್ಲಿ ಅದು 44ರ ಆಸುಪಾಸು. ಸಣ್ಣ ಕೈಯವರಿಗೆ ಪಿಕಪ್‌ಗಿಂತ ಇದೇ ದೊಡ್ಡ ವ್ಯತ್ಯಾಸ ಅನ್ನಿಸಬಹುದು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಾಫ್ನರ್‌ನ ಪಿಟೀಲು ಆಕಾರದ ಬೇಸ್, ಗಿಬ್ಸನ್ ಇಬಿ ಸರಣಿ ಇವೆಲ್ಲ ಹೆಚ್ಚಾಗಿ ಗಿಡ್ಡ ಸ್ಕೇಲಿನವು, ಅಂದರೆ ನಟ್‌ನಿಂದ ದೇಹದ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ಸುಮಾರು 30 ಇಂಚು. ಫೆಂಡರ್‌ನ ಪಿ, ಜೆ ಎರಡರದ್ದೂ 34. ಗಿಡ್ಡ ಸ್ಕೇಲಿನಲ್ಲಿ ತಂತಿ ಸಡಿಲ, ಸದ್ದು ದುಂಡಗೆ. ಅದರ ಪಿಕಪ್ಪನ್ನು 34 ಇಂಚಿನದರ ಪಿಕಪ್ ಜೊತೆ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

ವೈರ್ ಚುಚ್ಚುವ ಮುಂಚೆ

ಆಂಪ್‌ಗೆ ಜೋಡಿಸಬೇಡಿ. ಶ್ರುತಿ ಮಾಡಿ, ಸುಮ್ನೆ ನುಡಿಸಿ. ಜಿ ತಂತಿಯಲ್ಲಿ ಒಂದನೇ ಫ್ರೆಟ್‌ನಿಂದ ಹನ್ನೆರಡರವರೆಗೆ ಒಂದೊಂದೇ ಸ್ವರ ಮೀಟಿ, ಬೆರಳು ತೆಗೆಯದೆ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಫೆಂಡರ್ ಮಾದರಿಯ ನೆಕ್‌ಗಳಲ್ಲಿ ಐದರಿಂದ ಏಳನೇ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸತ್ತುಹೋಗುವುದು ಸಾಮಾನ್ಯ. ಅದು ಮರದ ಗುಣ. ಯಾವ ಪಿಕಪ್ ಹಾಕಿದರೂ ಸರಿಹೋಗುವುದಿಲ್ಲ. ಸ್ವಲ್ಪ ಇದ್ದರೆ ಪರವಾಗಿಲ್ಲ, ಸ್ವರವೇ ಮಾಯವಾಗುತ್ತಿದ್ದರೆ ಆ ಬೇಸ್ ಬಿಟ್ಟುಬಿಡಿ.

ತಂತಿಗೆ ಬನ್ನಿ. ಎರಡಕ್ಕೂ ಒಂದೇ ಕಂಪನಿಯ, ಒಂದೇ ದಪ್ಪದ, ಒಂದೇ ವಯಸ್ಸಿನ ತಂತಿ ಹಾಕಿಸುವುದು ಆದರ್ಶ. ಆಗದಿದ್ದರೆ ಕನಿಷ್ಠ ಎರಡೂ ರೌಂಡ್‌ವೂಂಡ್ (ಮೇಲಿನ ಸುತ್ತು ಉಬ್ಬುಬ್ಬಾಗಿರುವುದು) ಅಥವಾ ಎರಡೂ ಫ್ಲ್ಯಾಟ್‌ವೂಂಡ್ (ಸುತ್ತು ಚಪ್ಪಟೆಯಾಗಿ ನುಣುಪಾಗಿರುವುದು) ಇರಲಿ. 60ರ ದಶಕದಲ್ಲಿ ಅಮೆರಿಕದ ಮೋಟೌನ್ ಕಂಪನಿ ತಂದ ಹಾಡುಗಳಲ್ಲಿ ಕೇಳುವ ಆ ಗುಮ್ಮೆನ್ನುವ, ಮೊಂಡಾದ ಬೇಸ್ ನಿಮಗೆ ಬೇಕಾಗಿದ್ದರೆ ನೆನಪಿಡಿ: ಅಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ದಪ್ಪ ಫ್ಲ್ಯಾಟ್‌ವೂಂಡ್ ತಂತಿ ಹಾಕಿದ್ದರು, ಅದನ್ನು ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಹೊಸ ರೌಂಡ್‌ವೂಂಡ್ ಹಾಕಿದ ಬೇಸ್‌ನಲ್ಲಿ ಆ ಸದ್ದು ಹುಡುಕಿ, ಸಿಗಲಿಲ್ಲ ಅಂತ ಪಿಕಪ್ಪನ್ನು ಬೈಯುವುದು ಅನ್ಯಾಯ, ಅಲ್ವಾ?

ಎತ್ತರ ಸರಿಮಾಡಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಇ ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ತಂತಿಯ ಕೆಳಭಾಗದಿಂದ ಪಿಕಪ್‌ನ ಅಯಸ್ಕಾಂತದ ತುದಿಗೆ ಸುಮಾರು 3 ಮಿಲಿಮೀಟರ್ ಅಂತರ ಇರಲಿ. ಜಿ ತಂತಿಯ ಕಡೆ ಇನ್ನೂ ಸ್ವಲ್ಪ ಕಡಿಮೆ. ಇದು ಶುರು ಮಾಡುವ ಜಾಗ ಅಷ್ಟೇ, ಇಲ್ಲಿಂದ ಸ್ಕ್ರೂವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಕಿವಿ ಹೇಳಿದ ಕಡೆ ನಿಲ್ಲಿಸಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ಆಗ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗಾಡಿದ ಹಾಗೆ, ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ. ದೂರ ಹೋದರೆ ಸದ್ದು ಮೃದು, ಆದರೆ ಬಲ ಕಡಿಮೆ.

ಆಮೇಲೆ ನಾಬ್‌ಗಳು

ಆಂಪ್‌ನ ಬೇಸ್, ಮಿಡ್, ಟ್ರೆಬಲ್ ಮೂರನ್ನೂ ಮಧ್ಯದಲ್ಲಿಡಿ, ಮತ್ತೆ ಮುಟ್ಟಬೇಡಿ. ಪಿ-ಬೇಸ್‌ನಲ್ಲಿ ವಾಲ್ಯೂಮ್ ಪೂರ್ತಿ ಇಟ್ಟು ಟೋನ್ ನಾಬನ್ನು ನಿಧಾನಕ್ಕೆ ಇಳಿಸಿ. ಒಳ್ಳೆಯ ಪಿಕಪ್ ಆದರೆ ಟೋನ್ ಪೂರ್ತಿ ಇಳಿಸಿದರೂ ಪ್ರತಿ ಸ್ವರದ ಆರಂಭ ಸ್ಪಷ್ಟವಾಗಿರುತ್ತದೆ, ಕೆಸರಾಗುವುದಿಲ್ಲ.

ಜೆ-ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇಡಿ. ಎರಡು ಪಿಕಪ್‌ಗಳ ಸುತ್ತು ಇಲ್ಲೂ ತಿರುವುಮುರುವು, ಹಾಗಾಗಿ ಗುಂಯ್ ಸದ್ದು ಇರಬಾರದು. ಈಗ ನೆಕ್ ಪಿಕಪ್‌ನ ವಾಲ್ಯೂಮ್ ಸ್ವಲ್ಪ, ಸ್ವಲ್ಪವೇ ಇಳಿಸಿ. ಮಧ್ಯದ ನಾದ ಮುಂದಕ್ಕೆ ಬರುತ್ತದೆ, ಗುಂಯ್ ಸದ್ದೂ ಜೊತೆಗೇ ಇಣುಕುತ್ತದೆ. ಎರಡು ಪಿಕಪ್‌ಗಳು ಒಂದೇ ತಂತಿಯನ್ನು ಎರಡು ಜಾಗದಿಂದ ಕೇಳುತ್ತವೆ. ಹಾಗಾಗಿ ಎರಡೂ ಸಮನಾಗಿದ್ದಾಗ ಮಧ್ಯದ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಇಳಿದರೆ ಅವು ಮರಳುತ್ತವೆ. ಬ್ರಿಡ್ಜ್ ಪಿಕಪ್ ಒಂದನ್ನೇ ಇಟ್ಟರೆ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್‌ರನ್ನು ನೆನಪಿಗೆ ತರುವ ಗುರುಗುಟ್ಟುವ ಸದ್ದು. ಇನ್ನೊಂದು ವಿಷಯ: 70ರ ದಶಕದ ಮಾದರಿಗಳಲ್ಲಿ ಈ ಪಿಕಪ್ ಬ್ರಿಡ್ಜ್ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿದಿದೆ. ಅಷ್ಟಕ್ಕೇ ಸದ್ದು ಬಿಗಿಯಾಗಿ, ಚೂಪಾಗಿ ಬರುತ್ತದೆ. ಹಾಗಾಗಿ 60ರ ಮಾದರಿಯೋ 70ರ ಮಾದರಿಯೋ ಕೇಳಿಕೊಳ್ಳಿ, ಪಿಕಪ್‌ನ ಅಯಸ್ಕಾಂತ ಯಾವ ಬಗೆಯದು ಅಂತ ಆಮೇಲೆ ಕೇಳಿದರಾಯಿತು.

ಮೀಟರ್ ಹೇಳುವುದು ಎಷ್ಟು?

ಬೇಸ್‌ಗೆ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಪಿಕಪ್‌ನ ರೋಧ ಸಿಗುತ್ತದೆ. ಹಳೇ ಮಾದರಿಯ ಪಿ ಪಿಕಪ್ ಸಾಮಾನ್ಯವಾಗಿ 10ರಿಂದ 11 ಕಿಲೋಓಮ್, ಜೆ ಪಿಕಪ್ ಒಂದೊಂದೂ 7ರಿಂದ 8. ಜೆ-ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಸುಮಾರು ಅರ್ಧ ತೋರಿಸುತ್ತದೆ. ಗಾಬರಿ ಬೇಡ, ಎರಡೂ ಪಿಕಪ್ ಪ್ಯಾರಲಲ್‌ನಲ್ಲಿ (ಸಮಾನಾಂತರವಾಗಿ) ಜೋಡಿಸಿರುವುದರಿಂದ ಹಾಗೆ. ಏನೂ ತೋರಿಸದಿದ್ದರೆ ಎಲ್ಲೋ ವೈರ್ ಕಿತ್ತಿರಬಹುದು. ಸಂಖ್ಯೆ ಜಾಸ್ತಿ ಇದ್ದರೆ ಪಿಕಪ್ ಒಳ್ಳೆಯದು ಅಂತ ನಂಬಬೇಡಿ. ಸುರುಳಿಯ ತಂತಿ ತೆಳುವಾಗಿದ್ದರೂ ರೋಧ ಏರುತ್ತದೆ.

ಕೊನೆಗೆ ರೆಕಾರ್ಡ್ ಮಾಡಿ

ಒಂದೇ ಸಾಲನ್ನು ಎರಡರಲ್ಲೂ ನುಡಿಸಿ ರೆಕಾರ್ಡ್ ಮಾಡಿ. ಎರಡರ ಸದ್ದಿನ ಮಟ್ಟ ಸಮ ಮಾಡುವುದು ಕಡ್ಡಾಯ, ಯಾಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಸ್ನೇಹಿತರಿಂದ ಪ್ಲೇ ಮಾಡಿಸಿ, ಜೊತೆಗೆ ಡ್ರಮ್ ಟ್ರ್ಯಾಕ್ ಒಂದನ್ನು ಓಡಿಸಿ. ಒಂಟಿಯಾಗಿ ಕೇಳುವಾಗ ಮೆರುಗಿನ ಜೆ-ಬೇಸ್ ಗೆಲ್ಲುತ್ತದೆ, ಡ್ರಮ್ ಮತ್ತು ಗಿಟಾರ್ ಸೇರಿದಾಗ ಎದ್ದು ನಿಲ್ಲುವುದು ಎಷ್ಟೋ ಸಲ ಪಿ-ಬೇಸ್. ಬ್ಯಾಂಡ್‌ನಲ್ಲಿ ನುಡಿಸುವವರಾದರೆ ನಾನು ಪಿ ಕಡೆಗೇ ಕೈ ತೋರಿಸುತ್ತೇನೆ. ಒಂದೇ ಬೇಸ್‌ನಲ್ಲಿ ಹಲವು ಬಗೆಯ ಸದ್ದು ಬೇಕಾದರೆ ಜೆ.

ಇಷ್ಟಾದ ಮೇಲೂ ಪಿಕಪ್ ಬದಲಿಸಬೇಕು ಅನ್ನಿಸಿದರೆ ಅಳತೆ ತಗೊಂಡು ಆರ್ಡರ್ ಮಾಡಿ. ಸಾಮಾನ್ಯ ಜೆ-ಬೇಸ್‌ನಲ್ಲಿ ಬ್ರಿಡ್ಜ್ ಪಿಕಪ್ ನೆಕ್ ಪಿಕಪ್‌ಗಿಂತ ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟೇ ಉದ್ದ, ಅದಲುಬದಲಾದರೆ ಗುಂಡಿಯಲ್ಲಿ ಕೂರುವುದಿಲ್ಲ. ಎರಡನ್ನೂ ಜೋಡಿಯಾಗಿಯೇ ಕೊಳ್ಳಿ, ಬಿಡಿಬಿಡಿಯಾಗಿ ತಂದರೆ ಸುತ್ತಿನ ದಿಕ್ಕು ಹೊಂದದೆ ಗುಂಯ್ ಸದ್ದು ಹೋಗದೇ ಇರಬಹುದು. ಕಳಚಿದ ಹಳೇ ಪಿಕಪ್‌ಗಳನ್ನು ಎಸೆಯಬೇಡಿ, ಬೇಸ್ ಮಾರುವಾಗ ಕೊಳ್ಳುವವರು ಅವನ್ನು ಕೇಳುತ್ತಾರೆ.