ಐಬಿನೋ, ಎ ಲೆವೆಲ್ಲೋ, ಎಚ್‌ಎಸ್‌ಸಿನೋ? ಕಾಲೇಜಿನಿಂದ ಹಿಂದಕ್ಕೆ ಬನ್ನಿ

ಮುಂಬೈ, ಪುಣೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿರುವವರೇ, ಮುಂದಿನ ಎರಡು ವರ್ಷಕ್ಕೆ ಐಬಿ (ಅಂತರರಾಷ್ಟ್ರೀಯ ಡಿಪ್ಲೊಮಾ), ಎ ಲೆವೆಲ್ (ಬ್ರಿಟಿಷ್ ಪದ್ಧತಿಯದು, ಇಲ್ಲಿ ಹೆಚ್ಚಾಗಿ ಕೇಂಬ್ರಿಜ್ ಬೋರ್ಡಿನದು), ಎಚ್‌ಎಸ್‌ಸಿ (ಮಹಾರಾಷ್ಟ್ರ ರಾಜ್ಯ ಬೋರ್ಡಿನ 12ನೇ ಕ್ಲಾಸ್) ಅಂತ ಬೋರ್ಡನ್ನು ಮೊದಲು ಆರಿಸಬೇಡಿ. ಮಗುವಿಗೆ ಇಷ್ಟವಾದ ಎರಡು ಮೂರು ಡಿಗ್ರಿ ಕೋರ್ಸುಗಳ ಪ್ರವೇಶದ ಷರತ್ತು ತೆಗೆದು, ಯಾವ ವಿಷಯ, ಯಾವ ಮಟ್ಟ, ಯಾವ ಎಂಟ್ರೆನ್ಸ್, ಮಾರ್ಕ್ಸ್ ಕಾರ್ಡ್ ಯಾವಾಗ ಬೇಕು ಅಂತ ಒಂದೇ ಹಾಳೆಯಲ್ಲಿ ಬರೆಯಿರಿ. ಬೋರ್ಡು ತಾನಾಗಿಯೇ ಗೊತ್ತಾಗುತ್ತದೆ. ಯಾಕಂದ್ರೆ ಕಾಲೇಜುಗಳು ಬೋರ್ಡಿನ ಹೆಸರಿಗಿಂತ ಜಾಸ್ತಿ ನೋಡುವುದು ವಿಷಯಗಳನ್ನು. ಐಬಿ ಡಿಪ್ಲೊಮಾದಲ್ಲಿ 6 ವಿಷಯ, ಸಾಮಾನ್ಯವಾಗಿ 3 ಹೈಯರ್ ಲೆವೆಲ್ (ಹೆಚ್ಚು ಆಳವಾಗಿ ಓದುವಂಥವು), ಉಳಿದವು ಸ್ಟ್ಯಾಂಡರ್ಡ್ ಲೆವೆಲ್. ಗಣಿತವನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ತೆಗೆದುಕೊಂಡರೆ ಬ್ರಿಟನ್ನಿನ ಎಷ್ಟೋ ಎಂಜಿನಿಯರಿಂಗ್ ಕೋರ್ಸುಗಳು ಅಲ್ಲಿಗೇ ಕೈತಪ್ಪುತ್ತವೆ. ಎ ಲೆವೆಲ್‌ಗೆ ಸಾಮಾನ್ಯವಾಗಿ 3 ವಿಷಯ ಸಾಕು, ಒಂದೆರಡರಲ್ಲಿ ತುಂಬಾ ಆಸಕ್ತಿ ಇರುವ ಮಕ್ಕಳಿಗೆ ಅದು ಒಗ್ಗುತ್ತದೆ. ಮಹಾರಾಷ್ಟ್ರದಲ್ಲೇ ಎಂಜಿನಿಯರಿಂಗ್ ಅಂದ್ರೆ ನನ್ನ ಪ್ರಕಾರ ಎಚ್‌ಎಸ್‌ಸಿಯೇ ಸಲೀಸು: ಅಲ್ಲಿನ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿ ರಾಜ್ಯ ಬೋರ್ಡಿನ ಪಠ್ಯದ ಮೇಲೆಯೇ ನಡೆಯುತ್ತದೆ, ಅದರಲ್ಲೂ 12ನೇ ಕ್ಲಾಸಿನ ಪಾಠಕ್ಕೆ ಸುಮಾರು 80% ಪಾಲು. ತಾರೀಖನ್ನೂ ಮರೆಯಬೇಡಿ. ಐಬಿ ಮೇ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರ, ಕೇಂಬ್ರಿಜ್ ಎ ಲೆವೆಲ್‌ನ ಜೂನ್ ಪರೀಕ್ಷೆಯದು ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಇಲ್ಲಿನ ಕೆಲವು ಕಾಲೇಜುಗಳಲ್ಲಿ ಸೀಟು ತುಂಬಿರುತ್ತದೆ. ಮುಂದೆ ಏನು ಓದಬೇಕು ಅಂತ ಮಗುವಿಗೇ ಗೊತ್ತಿಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಸುಮ್ನೆ ಒತ್ತಾಯ ಮಾಡದೆ, ಗಣಿತ ಮತ್ತು ಒಂದು ವಿಜ್ಞಾನ ಉಳಿಯುವ ಕಾಂಬಿನೇಷನ್ ಹಿಡಿಯಿರಿ. ನಿಮಗೆ ಬೇಕಾದ ಕಾಂಬಿನೇಷನ್ ಆ ಶಾಲೆಯ ಟೈಮ್‌ಟೇಬಲ್‌ನಲ್ಲಿ ನಿಜಕ್ಕೂ ಇದೆಯಾ ಅಂತ ಫೀಸು ಕಟ್ಟುವ ಮೊದಲೇ ಕೇಳಿ, ಲಿಖಿತವಾಗಿ ತೆಗೆದುಕೊಳ್ಳಿ.