ಬಿತ್ತಿದ ಮೇಲಿನ ಹತ್ತು ದಿನ: ನವಿಲು ಎಣಿಸಿ, ಹೊಲ ಕಾದ ನನ್ನ ಅನುಭವ

ನಮ್ಮ ಹೊಲ ಗ್ರಾಮ ಅರಣ್ಯ ಸಮಿತಿಯ ಕಾಡಿಗೆ ಅಂಟಿಕೊಂಡೇ ಇದೆ. ಒಂದು ವರ್ಷ ಕಡಲೆಕಾಯಿ ಬಿತ್ತಿದ ಮೂರನೇ ದಿನಕ್ಕೆ ಸಾಲು ಸಾಲೇ ಕೆದರಿ ಹೋಗಿತ್ತು. ಸಮಿತಿ ಸಭೆಯಲ್ಲಿ ಒಬ್ಬರು ನೂರು ನವಿಲು ಇವೆ ಅಂದರು, ಇನ್ನೊಬ್ಬರು ಐನೂರು ಅಂದರು. ಎಣಿಸಿದವರು ಯಾರೂ ಇರಲಿಲ್ಲ. ಆ ಕೆಲಸ ನಾನು ಒಪ್ಪಿಕೊಂಡೆ.

ಮೊದಲು ಕೂಗು ಲೆಕ್ಕ ಹಾಕಿದೆ. ಅದು ಸರಿಹೋಗಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಗಂಡು ನವಿಲು ಜಾಸ್ತಿ ಕೂಗುತ್ತದೆ, ಒಂದೇ ಹಕ್ಕಿ ಹತ್ತಾರು ಸಲ. ಹೆಣ್ಣು, ಮರಿ ಲೆಕ್ಕಕ್ಕೇ ಸಿಗುವುದಿಲ್ಲ. ಗರಿ ನೋಡಿ ಗುರುತಿಸೋಣ ಅಂದರೆ ಮಳೆಗಾಲ ಮುಗಿಯುತ್ತಾ ಬಂದಂತೆ ಗಂಡು ಉದ್ದ ಗರಿ ಉದುರಿಸುತ್ತದೆ. ಎಳೆಯ ಗಂಡಂತೂ ದೂರದಿಂದ ಹೆಣ್ಣಿನ ಹಾಗೆಯೇ ಕಾಣುತ್ತದೆ.

ಕೊನೆಗೆ ಕೈ ಹಿಡಿದದ್ದು ರಾತ್ರಿ ತಂಗುವ ಮರಗಳು. ನವಿಲು ನೆಲದಲ್ಲಿ ಮೇಯ್ದರೂ ಮಲಗುವುದು ಎತ್ತರದ ಮರದ ಮೇಲೆ. ಹೊತ್ತು ಮುಳುಗುವ ಮುಂಚೆಯೇ ಹೋಗಿ ಕತ್ತಲಾಗುವವರೆಗೆ ಅಲುಗಾಡದೆ ಕೂತರೆ, ಒಂದೊಂದಾಗಿ ಹಾರಿ ಕೊಂಬೆ ಹಿಡಿಯುವುದನ್ನು ಎಣಿಸಬಹುದು. ನಾನೊಬ್ಬನೇ ದಿನಕ್ಕೊಂದು ಮರ ನೋಡಿದಾಗ ಒಂದೇ ಗುಂಪನ್ನು ಎರಡು ಸಲ ಬರೆದುಬಿಟ್ಟಿದ್ದೆ. ಆಮೇಲೆ ಅಕ್ಕಪಕ್ಕದ ಹೊಲದವರನ್ನು ಕರೆದೆ. ಒಂದೇ ಸಂಜೆ ಆರು ಮರಕ್ಕೆ ಆರು ಜನ ಕೂತೆವು. ಸಿಕ್ಕಿದ್ದು 43. ಇಷ್ಟೇನಾ ಅಂತ ಎಲ್ಲರಿಗೂ ಆಶ್ಚರ್ಯ.

ಹಾಗಾದರೆ ಇಷ್ಟು ನಷ್ಟ ಹೇಗೆ? ಕಾಡಂಚಿನಿಂದ ಹೊಲದ ಒಳಕ್ಕೆ ಹತ್ತು ಹೆಜ್ಜೆಗೊಂದು ಗೂಟ ನೆಟ್ಟೆ. ಪ್ರತಿ ಗೂಟದ ಪಕ್ಕ ಒಂದು ಮೀಟರ್ ಚೌಕದಲ್ಲಿ ಎಷ್ಟು ಮೊಳಕೆ ಉಳಿದಿದೆ ಅಂತ ದಿನಾ ಬರೆದೆ. ಮೊದಲ ಮೂರು ಗೂಟದ ಹತ್ತಿರವೇ ಹೆಚ್ಚು ಹಾಳಾಗಿತ್ತು. ಹೊಲದ ನಡುವೆ ಅಷ್ಟಿರಲಿಲ್ಲ. ನವಿಲಿಗೆ ಓಡಿ ಅಡಗಲು ಪೊದೆ ಹತ್ತಿರ ಬೇಕು. ನಮ್ಮ ಬದುವಿನುದ್ದಕ್ಕೂ ಲಂಟಾನ ಬೆಳೆದು ನಿಂತಿತ್ತು. ಬೆಳಗಿನ ಜಾವ, ಸಂಜೆ ಮೇಯುತ್ತಿದ್ದವು, ಬಿಸಿಲೇರಿದರೆ ಅದೇ ಪೊದೆಯ ನೆರಳಿಗೆ ಸೇರುತ್ತಿದ್ದವು. ಗಿಡ ಬೇರು ಬಿಟ್ಟ ಮೇಲೂ ಬಂದವು, ಆದರೆ ಕಿತ್ತದ್ದು ಕಡಿಮೆ. ಆಗ ಅವು ಹುಳ, ಗೆದ್ದಲು ಹೆಕ್ಕುವುದನ್ನೇ ಹೆಚ್ಚು ನೋಡಿದೆ.

ಇನ್ನೊಂದು ವಿಷಯ. ಎಲ್ಲವನ್ನೂ ನವಿಲಿನ ತಲೆಗೆ ಕಟ್ಟಬಾರದು. ನವಿಲು ಮೇಲೆ ಮೇಲೆ ಕೆದರುತ್ತದೆ, ಬೆರಳಿನ ಗುರುತು ಬಿಡುತ್ತದೆ. ರಾತ್ರಿ ಆಳವಾಗಿ ಅಗೆದಿದ್ದರೆ ಅದು ಹೆಚ್ಚಾಗಿ ಕಾಡುಹಂದಿ. ನವಿಲು ಕತ್ತಲಲ್ಲಿ ಮೇಯುವುದಿಲ್ಲ.

ಮರುವರ್ಷ ಸಮಿತಿಯ ಒಪ್ಪಿಗೆ ಪಡೆದು, ಬೇಸಿಗೆ ಶುರುವಿನಲ್ಲೇ ಬದುವಿನ ಲಂಟಾನ ಹದಿನೈದು ಹೆಜ್ಜೆ ಅಗಲ ತೆಗೆದೆವು. ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ. ಹೆಣ್ಣು ನವಿಲು ಪೊದೆಯ ಬುಡದಲ್ಲಿ ನೆಲದ ಮೇಲೇ ಮೊಟ್ಟೆ ಇಟ್ಟು, ಸುಮಾರು 28 ದಿನ ಕಾವು ಕೂರುತ್ತದೆ. ಅಂಚಿನ ಹೊಲದವರೆಲ್ಲ ಒಟ್ಟಿಗೆ ಬಿತ್ತಿದೆವು. ಒಬ್ಬರದೇ ಹೊಲ ಮೊದಲು ಮೊಳೆತರೆ ಎಲ್ಲ ನವಿಲೂ ಅಲ್ಲಿಗೇ ಇಳಿಯುತ್ತವೆ, ಅಲ್ವಾ? ಹತ್ತು ದಿನ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸರದಿಯಲ್ಲಿ ಕಾದೆವು. ಮಿಂಚುವ ಪಟ್ಟಿಯನ್ನೂ ಕಟ್ಟಿದ್ದೆ. ನಾಲ್ಕನೇ ದಿನಕ್ಕೆ ಅವು ಅದರ ಕೆಳಗೇ ನುಸುಳಿ ಬಂದವು. ಜನ ಓಡಾಡಿದ್ದೇ ಕೆಲಸ ಮಾಡಿತು. ಆ ವರ್ಷ ಮೊದಲ ಮೂರು ಗೂಟದ ಹತ್ತಿರವೂ ಸಾಲು ತುಂಬಿ ನಿಂತಿತು.

ವಿಷದ ಮಾತೂ ಸಭೆಯಲ್ಲಿ ಬಂದಿತ್ತು. ನಾನು ಗಟ್ಟಿಯಾಗಿಯೇ ಬೇಡ ಅಂದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ ಇದು, ಕೊಂದರೆ ಜೈಲು. ಬೀಜೋಪಚಾರಕ್ಕೆ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಹಚ್ಚಲು, ಬಳಸುವ ಕೆಲವು ಔಷಧಿಗಳೂ ಹಕ್ಕಿಗಳನ್ನು ಕೊಲ್ಲುತ್ತವೆ. ಅದಕ್ಕೇ ಈಗ ಬಿತ್ತನೆ ಮುಗಿದ ಮೇಲೆ ಸಾಲಿನ ತುದಿಯಲ್ಲಿ ಚೆಲ್ಲಿದ ಬೀಜವನ್ನೆಲ್ಲ ನಾನೇ ಮಣ್ಣು ಎಳೆದು ಮುಚ್ಚಿ ಬರುತ್ತೇನೆ.