ಹೊಳೆಯೂ ಬಂತು, ಮಳೆಯೂ ಬಂತು: ಲೆಕ್ಕ ಹಾಕುವುದು ಹೇಗೆ?

ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ಟರೆ ಎಲ್ಲರ ಕಣ್ಣು ಕಂಪ್ಲಿ-ಗಂಗಾವತಿ ಸೇತುವೆ ಮೇಲೆ. ಆದರೆ ಬರೀ ಹೊಳೆ ಬಂದರೆ ದಂಡೆಯ ಊರು ಹೇಗೋ ತಡೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಊರಲ್ಲೂ ಮಳೆ ಜಡಿದರೆ ಕಥೆ ಬೇರೆ. ಹೊಳೆ ಎತ್ತರಕ್ಕೆ ನಿಂತಿರುತ್ತದೆ, ಹಳ್ಳದ ನೀರಿಗೆ ಹೋಗಲು ದಾರಿ ಇಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಭತ್ತದ ಗದ್ದೆಗೆ ನುಗ್ಗುತ್ತದೆ. ಇಂಥ ಜೋಡಿ ಹೊಡೆತದ ಲೆಕ್ಕವೇ ಜಂಟಿ ಸಂಭವನೀಯತೆ.

ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಸೇತುವೆ ಮುಳುಗಿದ ದಿನಗಳು, ಇನ್ನೊಂದರಲ್ಲಿ ನಿಮ್ಮ ಹೋಬಳಿಗೆ ಭಾರಿ ಮಳೆಯಾದ ದಿನಗಳು. ಹವಾಮಾನ ಇಲಾಖೆ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಬರೀ ವರ್ಷ ಬರೆದರೆ ಸಾಲದು, ತಾರೀಖು ಬೇಕು. ಹೊಳೆ ಜುಲೈಯಲ್ಲಿ ಮಲೆನಾಡಿನ ಮಳೆಗೆ ಬಂದು, ನಮ್ಮ ಮಳೆ ಸೆಪ್ಟೆಂಬರಿನಲ್ಲಿ ಬಿದ್ದರೆ ಅದು ಜೋಡಿಯಲ್ಲ.

ಈಗ ಎಣಿಸಿ. ಸುಮ್ನೆ ಉದಾಹರಣೆಗೆ, 30 ವರ್ಷದಲ್ಲಿ ಹೊಳೆ 5 ವರ್ಷ, ಮಳೆ 6 ವರ್ಷ ಅನ್ನೋಣ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಗುಣಿಸಬೇಕು: 5/30 × 6/30, ಅಂದರೆ 30 ವರ್ಷಕ್ಕೊಮ್ಮೆ. ಒಂದೇ ವಾರದಲ್ಲಿ ಅಂದರೆ ಇನ್ನೂ ಅಪರೂಪ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಎರಡೂ ಒಂದೇ ವಾರ ಬಂದದ್ದು 3 ವರ್ಷ ಸಿಕ್ಕರೆ? ಹತ್ತು ವರ್ಷಕ್ಕೊಮ್ಮೆ ಆಯಿತು! ಗುಣಾಕಾರ ಮೋಸ ಮಾಡುವುದು ಇಲ್ಲೇ. ಬಂಗಾಳ ಕೊಲ್ಲಿಯ ಒಂದೇ ವಾಯುಭಾರ ಕುಸಿತ ಎರಡೂ ಕಡೆ ಮಳೆ ಸುರಿಸಬಹುದು. ಸೆಪ್ಟೆಂಬರಿಗೆ ಜಲಾಶಯವೂ ತುಂಬಿದ್ದರೆ ನೀರು ಹಿಡಿಯಲು ಜಾಗ ಇರಲ್ಲ. 2009ರ ಸೆಪ್ಟೆಂಬರ್ ಕೊನೆಯ ನೆರೆ ನೆನಪಿದೆ ಅಲ್ವಾ?

ನಿಮ್ಮ ರಸ್ತೆ ಯಾವುದಾದರೂ ಒಂದಕ್ಕೇ ಮುಳುಗುವುದಾದರೆ ಲೆಕ್ಕ ಬೇರೆ: 5 + 6 − 3, ಅಂದರೆ 30ರಲ್ಲಿ 8 ವರ್ಷ. ಜೋಡಿಯನ್ನು ಎರಡು ಸಲ ಎಣಿಸಬಾರದು, ಅದಕ್ಕೇ ಆ 3 ಕಳೆದದ್ದು.

ಈ ನಂಟಿನ ಬಿಗಿಯನ್ನು ಅಳೆಯಲು ಎಂಜಿನಿಯರುಗಳು 'ಕಾಪ್ಯುಲಾ' ಎಂಬ ಗಣಿತ ಸೂತ್ರ ಬಳಸುತ್ತಾರೆ. ಗಣಿತಜ್ಞ ಏಬ್ ಸ್ಕ್ಲಾರ್ 1959ರಲ್ಲಿ ಕೊಟ್ಟ ದಾರಿ ಅದು. ಕರಾವಳಿಯಲ್ಲಿ ಚಂಡಮಾರುತದ ಕಡಲುಬ್ಬರ ಮತ್ತು ಮಳೆಯನ್ನೂ ಹೀಗೇ ಜೋಡಿಸುತ್ತಾರೆ.

ನಮ್ಮ ನೋಟ್‌ಬುಕ್ಕಿಗೆ ಅಷ್ಟು ಬೇಡ. ಆದರೆ ಆ ಮೂರರಲ್ಲಿ ಒಂದು ತಾರೀಖು ತಪ್ಪಿದರೂ ಹತ್ತು ವರ್ಷ ಹೋಗಿ ಹದಿನೈದಾಗುತ್ತದೆ. ಅದಕ್ಕೇ ಊರ ಹಿರಿಯರನ್ನೂ ಕೇಳಿ. 'ಗಣಪತಿ ಕಳಿಸಿದ ಮರುದಿನ' ಅಂದರೂ ಸಾಕು, ಹಳೇ ಪಂಚಾಂಗ ತೆಗೆದು ತಾರೀಖು ಹಿಡಿಯಬಹುದು.